ಗುಸ್ತಾವ್ ಹರ್ಮನ್ ಕೃಂಬಿಗಲ್

ಗುಸ್ತಾವ್ ಹರ್ಮನ್ ಕೃಂಬಿಗಲ್ (೧೮ ಡಿಸೆಂಬರ್ ೧೮೬೫ – ೮ ಫೆಬ್ರವರಿ ೧೯೫೬) ಬೆಂಗಳೂರಿನ ಲಾಲ್‌ಬಾಗ್ ಸಸ್ಯೋದ್ಯಾನದ ಮೇಲ್ವಿಚಾರಕರಾಗಿದ್ದ ಜರ್ಮನ್ ಸಸ್ಯತಜ್ಞರು. ಬೆಂಗಳೂರಿಗೆ 'ಉದ್ಯಾನ ನಗರಿ' ಎಂಬ ಹೆಸರು ಬರಲು ಕಾರಣರಾದವರಲ್ಲಿ ಇವರು ಪ್ರಮುಖರು.

ಜರ್ಮನಿಯ ಡ್ರೆಸ್ಡೆನ್ ಸಮೀಪದ ಲೋಮೆನ್‌ನಲ್ಲಿ ಜನಿಸಿದ ಇವರು ಲಂಡನ್ನಿನ ಕ್ಯೂ ಉದ್ಯಾನದಲ್ಲಿ ಸೇವೆ ಸಲ್ಲಿಸಿ, ೧೮೯೩ರಲ್ಲಿ ಬರೋಡಾ ಸಂಸ್ಥಾನಕ್ಕೆ ಬಂದರು. ೧೯೦೮ರಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ, ಜಾನ್ ಕ್ಯಾಮರೂನ್ ಅವರ ನಂತರ ಲಾಲ್‌ಬಾಗಿನ ಹೊಣೆ ವಹಿಸಿಕೊಂಡರು.

ಹೈದರ್ ಅಲಿಯ ಕಾಲದಲ್ಲಿ ಆರಂಭವಾಗಿದ್ದ ಈ ತೋಟಕ್ಕೆ ಕೃಂಬಿಗಲ್ ಅವರು ಹೊರದೇಶಗಳಿಂದ ಅನೇಕ ಸಸ್ಯಗಳನ್ನು ತರಿಸಿದರು. ಒಂದು ಜಾತಿಯ ಮರದ ಹೂವು ಉದುರುವ ವೇಳೆಗೆ ಮತ್ತೊಂದು ಅರಳುವಂತೆ ಮರಗಳನ್ನು ಆರಿಸಿ ಬೀದಿಗಳಲ್ಲಿ ನೆಡಿಸಿದ್ದು ಇವರ ವಿಶಿಷ್ಟ ಕೊಡುಗೆ. ಕನ್ನಂಬಾಡಿ ಅಣೆಕಟ್ಟಿನ ಬಳಿಯ ಬೃಂದಾವನ ಉದ್ಯಾನದ ವಿನ್ಯಾಸದಲ್ಲಿಯೂ ಇವರ ಪಾತ್ರವಿದೆ.

೧೯೩೨ರಲ್ಲಿ ನಿವೃತ್ತರಾದಾಗ ಆ ಸ್ಥಾನಕ್ಕೆ ಎಚ್.ಸಿ. ಜವರಾಯ ಅವರು ಬಂದರು. ಎರಡನೆಯ ಮಹಾಯುದ್ಧ ಆರಂಭವಾದಾಗ ಕೃಂಬಿಗಲ್ ಎಪ್ಪತ್ತು ದಾಟಿದ್ದರು. ಸಂಸ್ಥಾನಕ್ಕಾಗಿ ದಶಕಗಳ ಕಾಲ ದುಡಿದಿದ್ದರೂ ಜರ್ಮನ್ ಮೂಲದವರೆಂಬ ಕಾರಣಕ್ಕೆ ಬ್ರಿಟಿಷ್ ಸರ್ಕಾರ ಇವರನ್ನು ಬಂಧನದಲ್ಲಿರಿಸಿತು. ಆದರೂ ಇವರು ಈ ನೆಲವನ್ನು ತೊರೆಯಲಿಲ್ಲ. ಬೆಂಗಳೂರಿನಲ್ಲಿಯೇ ನಿಧನರಾದರು, ಸಮಾಧಿ ಹೊಸೂರು ರಸ್ತೆಯ ಸ್ಮಶಾನದಲ್ಲಿದೆ.

ಲಾಲ್‌ಬಾಗಿನ ಪಕ್ಕದ ಕೃಂಬಿಗಲ್ ರಸ್ತೆ ಇವರ ಹೆಸರನ್ನು ಉಳಿಸಿಕೊಂಡಿದೆ.