ಓಟಗಾರ್ತಿ ಸ್ಟೆಲ್ಲಾ ವಾಲ್ಶ್

ಕ್ರೀಡೆಯಲ್ಲಿ ನ್ಯಾಯವೆಂದರೇನೆಂಬ ಪ್ರಶ್ನೆ ಬಂದಾಗಲೆಲ್ಲ ನಮಗೆ ಸ್ಟೆಲ್ಲಾ ವಾಲ್ಶ್ ಅವರ ಬಾಳು ನೆನಪಾಗುತ್ತದೆ. 1911ರಲ್ಲಿ ಪೋಲೆಂಡಿನಲ್ಲಿ ಜನಿಸಿದ ಅವರು ಶೈಶವದಲ್ಲಿಯೇ ತಂದೆತಾಯಿಯರೊಡನೆ ಅಮೆರಿಕೆಯ ಕ್ಲೀವ್‌ಲ್ಯಾಂಡ್ ನಗರವನ್ನು ಸೇರಿದರು. ಅಲ್ಲಿನ ಪೌರತ್ವವಿನ್ನೂ ಇಲ್ಲದಿದ್ದ ಅವರು 1932ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನಲ್ಲಿ ಪೋಲೆಂಡಿನ ಪರವಾಗಿ ಓಡಿ, 100 ಮೀಟರ್ ದೂರವನ್ನು 11.9 ಸೆಕೆಂಡುಗಳಲ್ಲಿ ಕ್ರಮಿಸಿ ಸ್ವರ್ಣಪದಕ ಪಡೆದರು. 1936ರಲ್ಲಿ ಬರ್ಲಿನ್‌ನಲ್ಲಿ ಅವರನ್ನು ಸೋಲಿಸಿದ ಹೆಲೆನ್ ಸ್ಟೀಫನ್ಸ್ ಹೆಣ್ಣಲ್ಲವೆಂಬ ಆರೋಪ ಹಬ್ಬಿತು, ಅದು ಸುಳ್ಳಾಗಿತ್ತು.

1980ರಲ್ಲಿ ಸ್ಟೆಲ್ಲಾ ದರೋಡೆಯೊಂದರಲ್ಲಿ ಗುಂಡಿಗೆ ಬಲಿಯಾದರು. ಅವರ ದೇಹವು ಹುಟ್ಟಿನಿಂದಲೇ ಗಂಡು, ಹೆಣ್ಣು ಎಂಬ ಎರಡರಲ್ಲಿ ಒಂದಕ್ಕೂ ಪೂರ್ಣವಾಗಿ ಹೊಂದದೆ ಇದ್ದುದು ಶವಪರೀಕ್ಷೆಯಲ್ಲಿ ತಿಳಿದುಬಂತು. ಹೆಣ್ಣಾಗಿಯೇ ಬೆಳೆದು ಬಾಳಿದ ಅವರ ಪದಕಗಳನ್ನು ಯಾರೂ ಹಿಂತೆಗೆದುಕೊಳ್ಳಲಿಲ್ಲ.

ಹೆಣ್ಣುಮಕ್ಕಳಿಗೆ ಪ್ರತ್ಯೇಕ ಸ್ಪರ್ಧೆ ಅಗತ್ಯ. ಅದಿಲ್ಲದಿದ್ದರೆ ನಾರಾಯಣಪೇಟೆ, ಮಕ್ತಲ್, ಗದ್ವಾಲಗಳ ಮೈದಾನಗಳಲ್ಲಿ ನಮ್ಮ ವಿದ್ಯಾರ್ಥಿನಿಯರಿಗೆ ಬಹುಮಾನ ದೊರೆಯುವುದು ಕಷ್ಟ. ಆದುದರಿಂದ ಒಂದು ಗೆರೆ ಬೇಕು. ಆದರೆ ಆ ಗೆರೆಯ ಮೇಲೆಯೇ ಹುಟ್ಟಿದವರ ತಪ್ಪೇನು? ಒಡಿಶಾದ ದ್ಯುತಿ ಚಂದ್ ಅವರನ್ನು 2014ರಲ್ಲಿ ಸ್ಪರ್ಧೆಗಳಿಂದ ಹೊರಗಿರಿಸಿದಾಗ ದೇಶವೂ ಇದನ್ನೇ ಕೇಳಿತು. 2015ರಲ್ಲಿ ತೀರ್ಪು ಅವರ ಪರವಾಗಿ ಬಂತು. ನಿಯಮವನ್ನು ತಜ್ಞರು ನಿರ್ಣಯಿಸಲಿ. ಗೆದ್ದ ಹುಡುಗಿಯ ಮೈಕಟ್ಟನ್ನು ಕಂಡು ಹೀಯಾಳಿಸುವುದನ್ನು ನಮ್ಮ ಶಾಲೆಯ ಅಂಗಳದಲ್ಲಿ ನಾವು ಎಂದಿಗೂ ಸಹಿಸಲಾರೆವು.