ಹೋಗುವುದಿಲ್ಲ ಎಂದ ರುಖ್ಮಾಬಾಯಿ

ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರಿಗೆ 1891ರ ಸಮ್ಮತಿ ವಯಸ್ಸಿನ ಕಾಯ್ದೆ ಬರೀ ಒಂದು ಅಂಕದ ಪ್ರಶ್ನೆ. ಹುಡುಗಿಯರ ಸಮ್ಮತಿಯ ವಯಸ್ಸನ್ನು 10ರಿಂದ 12ಕ್ಕೆ ಏರಿಸಿದ ಕಾನೂನು ಎಂದು ನಾನೂ ಉರು ಹೊಡೆದಿದ್ದೆ. ಅದರ ಕೆಳಗೆ ನನ್ನ ನೋಟ್ಸ್‌ನಲ್ಲಿ ರುಖ್ಮಾಬಾಯಿ ಪ್ರಕರಣ ಎಂಬ ಎರಡೇ ಪದಗಳಿದ್ದವು. ಕಳೆದ ವರ್ಷ ನನ್ನ ಬದುಕಿನಲ್ಲಿ ಒಂದು ಇಕ್ಕಟ್ಟು ಬಂದಾಗ ಆ ಎರಡು ಪದಗಳ ಹಿಂದಿನ ಹೆಣ್ಣುಮಗಳು ಯಾರೆಂದು ಹುಡುಕಿ ಓದಿದೆ.

ರುಖ್ಮಾಬಾಯಿ ಹುಟ್ಟಿದ್ದು 1864ರಲ್ಲಿ, ಮುಂಬೈಯಲ್ಲಿ. ಚಿಕ್ಕಂದಿನಲ್ಲೇ ತಂದೆ ತೀರಿಕೊಂಡರು. ಅವರ ಸಮುದಾಯದಲ್ಲಿ ವಿಧವೆಯರ ಮರುಮದುವೆಗೆ ಅಡ್ಡಿ ಇರಲಿಲ್ಲ. ಹಾಗಾಗಿ ತಾಯಿ ಜಯಂತಿಬಾಯಿ, ಡಾ. ಸಖಾರಾಮ್ ಅರ್ಜುನ್ ಎಂಬ ವೈದ್ಯರನ್ನು ಮದುವೆಯಾದರು. ತಂದೆಯ ಆಸ್ತಿ ಮಗಳ ಹೆಸರಿಗಾಯಿತು. 11ನೇ ವಯಸ್ಸಿನಲ್ಲಿ ಆಕೆಗೆ 19ರ ದಾದಾಜಿ ಭಿಕಾಜಿ ಜೊತೆ ಮದುವೆ ಮಾಡಿದರು. ಅಳಿಯ ಮಾವನ ಮನೆಯಲ್ಲೇ ಇದ್ದು ಓದಿ ಒಂದು ದಡ ಸೇರಬೇಕು ಎಂಬುದು ಮಾತು. ಆದರೆ ದಾದಾಜಿಗೆ ಓದು ಹತ್ತಲಿಲ್ಲ. ಆತ ಆ ಮನೆ ಬಿಟ್ಟು ತನ್ನ ಸೋದರಮಾವನ ಮನೆ ಸೇರಿದ. ದುಡಿಮೆ ಇಲ್ಲ, ಸಾಲ ಮಾತ್ರ ಬೆಳೆಯಿತು.

ಇತ್ತ ಮಲತಂದೆಯ ಮನೆಯಲ್ಲಿ ರುಖ್ಮಾಬಾಯಿ ಓದಿನ ರುಚಿ ಹತ್ತಿಸಿಕೊಂಡರು. ಶಾಲೆ ಬಿಟ್ಟು ಹೋಗಿದ್ದರೂ ಮಿಷನ್ ಗ್ರಂಥಾಲಯದಿಂದ ಪುಸ್ತಕ ತರಿಸಿ ಮನೆಯಲ್ಲೇ ಇಂಗ್ಲಿಷ್ ಕಲಿತರು. ವರ್ಷಗಳು ಕಳೆದ ಮೇಲೆ ಒಂದು ದಿನ ಗಂಡನಿಂದ ಕರೆ ಬಂತು, ಬಂದು ಸಂಸಾರ ಮಾಡು ಎಂದು. ಆಕೆ ಒಪ್ಪಲಿಲ್ಲ. ಬುದ್ಧಿ ತಿಳಿಯದ ವಯಸ್ಸಿನಲ್ಲಿ ತನ್ನ ಒಪ್ಪಿಗೆಯಿಲ್ಲದೆ ಆದ ಮದುವೆಗೆ ತಾನು ಕಟ್ಟುಬೀಳಬೇಕಿಲ್ಲ ಎಂಬುದು ಆಕೆಯ ನಿಲುವು.

1884ರಲ್ಲಿ ದಾದಾಜಿ ಬಾಂಬೆ ಹೈಕೋರ್ಟ್ ಮೆಟ್ಟಿಲೇರಿದ. 1885ರಲ್ಲಿ ನ್ಯಾಯಮೂರ್ತಿ ಪಿನ್ಹೆ ಆಕೆಯ ಪರ ತೀರ್ಪು ಕೊಟ್ಟರು. ಎಂದೂ ಒಟ್ಟಿಗೆ ಬಾಳದವಳನ್ನು ಬಲವಂತವಾಗಿ ಗಂಡನ ಮನೆಗೆ ಕಳಿಸುವುದು ನ್ಯಾಯವಲ್ಲ ಎಂಬುದು ಅವರ ಮಾತಿನ ಸಾರ. ತೀರ್ಪಿನ ವಿರುದ್ಧ ಗದ್ದಲವೆದ್ದಿತು. ಬಾಲಗಂಗಾಧರ ತಿಲಕರ ಪತ್ರಿಕೆಗಳು ಆಕೆಯ ವಿರುದ್ಧ ಬರೆದವು. ಬೆಹ್ರಾಮ್‌ಜಿ ಮಲಬಾರಿಯಂಥ ಸುಧಾರಕರು ಬೆಂಬಲಕ್ಕೆ ನಿಂತರು. ಮೇಲ್ಮನವಿಯಲ್ಲಿ ಪ್ರಕರಣ ಮರುವಿಚಾರಣೆಗೆ ಬಂತು. 1887ರ ಮಾರ್ಚ್‌ನಲ್ಲಿ ನ್ಯಾಯಮೂರ್ತಿ ಫ್ಯಾರನ್ ಆದೇಶ ಮಾಡಿದರು: ಗಂಡನ ಮನೆಗೆ ಹೋಗಬೇಕು, ಇಲ್ಲವಾದರೆ ಆರು ತಿಂಗಳು ಜೈಲು.

ಆಕೆ ಜೈಲಿಗೆ ಹೋಗಲು ಸಿದ್ಧ ಎಂದುಬಿಟ್ಟರು. ಆಗ ಆಕೆಗೆ ಇನ್ನೂ 22-23 ವರ್ಷ. ಇವತ್ತು ಡಿಗ್ರಿ ಮುಗಿಸಿ ಕೆಲಸ ಹುಡುಕುತ್ತಿರುವ ನಮ್ಮದೇ ವಯಸ್ಸು.

ನನ್ನನ್ನು ಹೆಚ್ಚು ಕಾಡಿದ್ದು ಕೋರ್ಟಿನ ಹೊರಗೆ ನಡೆದ ಸಂಗತಿ. ಅದೇ ವರ್ಷ ದಾದಾಜಿ ಒಂದು ಹೊತ್ತಗೆ ಅಚ್ಚು ಹಾಕಿಸಿ ಹಂಚಿದ. ಇದು ಆಕೆಯ ಸ್ವಂತ ತೀರ್ಮಾನವಲ್ಲ, ಆಸ್ತಿಗಾಗಿ ತವರಿನವರು ಆಕೆಯ ತಲೆ ಕೆಡಿಸಿದ್ದಾರೆ ಎಂಬುದು ಅದರ ವಾದ. ಬೇಡ ಎಂದವರನ್ನು ಬಗ್ಗಿಸಲು ಇದು ಹಳೆಯ ಉಪಾಯ. ಮೊದಲು ಕರ್ತವ್ಯ ನೆನಪಿಸುವುದು, ಆಮೇಲೆ ಮರ್ಯಾದೆ ಹೋಗುತ್ತದೆ ಎಂದು ಹೆದರಿಸುವುದು, ಅದೂ ಸಾಲದಿದ್ದರೆ ನಿನಗೆ ಸ್ವಂತ ಬುದ್ಧಿಯೇ ಇಲ್ಲ ಎನ್ನುವುದು. ರುಖ್ಮಾಬಾಯಿ ಪತ್ರಿಕೆಯಲ್ಲಿ ಒಮ್ಮೆ ತಮ್ಮ ಹೆಸರಿನಲ್ಲೇ ಉತ್ತರ ಬರೆದು, ತಮ್ಮ ನಿಲುವಿಗೆ ಅಂಟಿಕೊಂಡರು. ಇದಕ್ಕೆ ಮೊದಲು, 1885ರಲ್ಲೇ, ಹಿಂದೂ ಮಹಿಳೆ ಎಂಬ ಹೆಸರಿನಲ್ಲಿ ಟೈಮ್ಸ್ ಆಫ್ ಇಂಡಿಯಾಗೆ ಬಾಲ್ಯವಿವಾಹದ ಬಗ್ಗೆ ಪತ್ರ ಬರೆದವರೂ ಇವರೇ.

ಕಡೆಗೆ 1888ರಲ್ಲಿ ರಾಜಿಯಾಯಿತು. ಎರಡು ಸಾವಿರ ರೂಪಾಯಿ ಪಡೆದು ದಾದಾಜಿ ತನ್ನ ಹಕ್ಕು ಬಿಟ್ಟುಕೊಟ್ಟ. ರುಖ್ಮಾಬಾಯಿ ಜೈಲಿಗೆ ಹೋಗಬೇಕಾಗಲಿಲ್ಲ. ಮರುವರ್ಷ ಅವರು ಇಂಗ್ಲೆಂಡಿಗೆ ಹೊರಟರು. ಮುಂಬೈಯ ಕಾಮಾ ಆಸ್ಪತ್ರೆಯ ವೈದ್ಯೆ ಎಡಿತ್ ಪೀಚಿ ಇದಕ್ಕೆ ಒತ್ತಾಸೆಯಾದರು. ಲಂಡನ್ನಿನ ಮಹಿಳಾ ವೈದ್ಯಕೀಯ ಶಾಲೆಯಲ್ಲಿ ಓದಿ 1894ರಲ್ಲಿ ವೈದ್ಯೆಯಾದರು. ಭಾರತಕ್ಕೆ ಮರಳಿ ಸೂರತ್‌ನಲ್ಲಿ, ಆಮೇಲೆ ರಾಜಕೋಟೆಯಲ್ಲಿ, ದಶಕಗಳ ಕಾಲ ಹೆಂಗಸರಿಗೆ ಚಿಕಿತ್ಸೆ ಕೊಟ್ಟರು. ವೈದ್ಯವೃತ್ತಿ ನಡೆಸಿದ ಭಾರತದ ಮೊದಲ ಕೆಲವೇ ಮಹಿಳೆಯರಲ್ಲಿ ಅವರೂ ಒಬ್ಬರು. 1955ರಲ್ಲಿ ತೀರಿಕೊಂಡಾಗ ಅವರಿಗೆ 90 ದಾಟಿತ್ತು.

ಈಗ ನನ್ನ ಇಕ್ಕಟ್ಟಿನ ವಿಷಯ. ಅವರದಕ್ಕೆ ಹೋಲಿಸಿದರೆ ಇದು ತೀರಾ ಸಣ್ಣದು, ಆದರೆ ನನಗೆ ನಿದ್ದೆ ಕೆಡಿಸಿತ್ತು. ಪಿಜಿಯಲ್ಲಿ ನನ್ನ ಜೊತೆಗಿದ್ದ ಗೆಳತಿ ನನ್ನ ಹೆಸರಿನಲ್ಲಿ ಮೊಬೈಲ್ ಆ್ಯಪ್‌ನಿಂದ ಸಾಲ ತೆಗೆಸಿದ್ದಳು. ಒಂದಲ್ಲ, ಎರಡು ಸಲ. ಎರಡನೆಯದರ ಕಂತು ಕಟ್ಟಲು ನಾನು ಮನೆಯಲ್ಲಿ ಸುಳ್ಳು ಹೇಳಿ ದುಡ್ಡು ತರಿಸಿದ್ದೆ. ಮೂರನೇ ಸಲ ಒಟಿಪಿ ಕೇಳಿದಾಗ ಹಿಂಜರಿದೆ. ಜ್ವರ ಬಂದಾಗ ರಾತ್ರಿಯಿಡೀ ನೋಡಿಕೊಂಡಿದ್ದನ್ನು ನೆನಪಿಸಿದಳು. ನಾನು ಬದಲಾಗಿದ್ದೇನೆ ಎಂದಳು. ಕಡೆಗೆ, ನನಗೆ ಯಾರೋ ಹೇಳಿಕೊಟ್ಟಿದ್ದಾರೆ ಎಂದಳು. ಆ ಮಾತು ಕೇಳಿದಾಗ ದಾದಾಜಿಯ ಹೊತ್ತಗೆ ನೆನಪಾಯಿತು.

ಅವತ್ತು ನಾನು ಕಾರಣಗಳ ಪಟ್ಟಿ ಕೊಡಲಿಲ್ಲ. ಕಾರಣ ಹೇಳಿದಷ್ಟೂ ಅದಕ್ಕೊಂದು ಪರಿಹಾರ ಅವಳ ಬಳಿ ಇರುತ್ತಿತ್ತು. ನನ್ನ ಹೆಸರಿನಲ್ಲಿ ಇನ್ನು ಸಾಲ ಬೇಡ, ಊಟಕ್ಕೆ, ಓದಿಗೆ ಏನಾದರೂ ಬೇಕಿದ್ದರೆ ಕೇಳು ಎಂದಷ್ಟೇ ಹೇಳಿದೆ. ಕೈ ನಡುಗುತ್ತಿತ್ತು. ಹಳೆಯ ಸಾಲದ ವಿಷಯವನ್ನು ಆ ಸಂಜೆಯೇ ಅಮ್ಮನಿಗೆ ತಿಳಿಸಿದೆ. ಬೈದರು, ಆಮೇಲೆ ಜೊತೆಗೆ ನಿಂತರು. ಇಂಥ ಒತ್ತಡಕ್ಕೆ ಬಲ ಬರುವುದೇ ನಾವು ಅದನ್ನು ಮುಚ್ಚಿಟ್ಟಾಗ ಎಂದು ಆಗ ತಿಳಿಯಿತು. ರುಖ್ಮಾಬಾಯಿಯ ಬೆನ್ನಿಗೂ ಮನೆಯವರು, ಗೆಳೆಯರು ಇದ್ದರು. ಅವರು ಒಂಟಿಯಾಗಿ ಗೆಲ್ಲಲಿಲ್ಲ.

ಗೆಳತಿ ಈಗ ಬೇರೆ ಪಿಜಿಯಲ್ಲಿದ್ದಾಳೆ, ಮಾತಿಲ್ಲ. ಅವಳು ಕೆಟ್ಟವಳು ಎಂದು ಈಗಲೂ ನನಗೆ ಅನಿಸುವುದಿಲ್ಲ. ಜ್ವರದ ರಾತ್ರಿ ಅವಳು ನೋಡಿಕೊಂಡದ್ದೂ ನಿಜವೇ. ಆದರೆ ಆ ಋಣವನ್ನು ನನ್ನ ಒಟಿಪಿಯಿಂದ ತೀರಿಸಬೇಕಿರಲಿಲ್ಲ. ಬೇಡ ಎಂದರೆ ಏನನ್ನಾದರೂ ಕಳೆದುಕೊಳ್ಳಬೇಕಾಗುತ್ತದೆ. ನಾನು ಕಳೆದುಕೊಂಡದ್ದು ಒಂದು ಸ್ನೇಹ. ರುಖ್ಮಾಬಾಯಿ ಆರು ತಿಂಗಳ ಜೈಲಿಗೇ ತಯಾರಾಗಿದ್ದರು.

ನನ್ನ ನೋಟ್ಸ್‌ನಲ್ಲಿ 1891ರ ಕಾಯ್ದೆಯ ಕೆಳಗೆ ಈಗ ಒಂದು ಪೂರ್ತಿ ಪುಟವಿದೆ. ಪರೀಕ್ಷೆಯಲ್ಲಿ ಅದಕ್ಕೆ ಸಿಗುವುದು ಒಂದೇ ಅಂಕ, ಇರಲಿ.