ಶಿಲೆಗಳಿಗೆ ನಾಡಿನ ಹೆಸರಿಟ್ಟ ರಾಬರ್ಟ್ ಬ್ರೂಸ್ ಫೂಟ್

ಬಾಗಲಕೋಟೆ ಜಿಲ್ಲೆಯ ಕಲಾದಗಿ ಎಂದೊಡನೆ ಜನರಿಗೆ ದಾಳಿಂಬೆಯ ನೆನಪಾಗುವುದು ಸಹಜ. ಆ ಊರಿನ ಹೆಸರು ಭೂವಿಜ್ಞಾನದ ಗ್ರಂಥಗಳಲ್ಲಿ ಸ್ಥಿರವಾಗಿ ನೆಲೆಗೊಂಡಿರುವುದನ್ನು ಬಲ್ಲವರು ವಿರಳ. ಇದಕ್ಕೆ ಕಾರಣಕರ್ತರು ರಾಬರ್ಟ್ ಬ್ರೂಸ್ ಫೂಟ್ ಮಹಾಶಯರು.

ಇಂಗ್ಲೆಂಡಿನ ಚೆಲ್ಟನ್‌ಹ್ಯಾಮಿನಲ್ಲಿ 1834ರಲ್ಲಿ ಜನಿಸಿದ ಅವರು 1858ರಲ್ಲಿ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಸಂಸ್ಥೆಯನ್ನು ಸೇರಿದರು. 1863ರ ಮೇ 30ರಂದು ಮದರಾಸಿನ ಬಳಿಯ ಪಲ್ಲಾವರದಲ್ಲಿ ಆದಿಮಾನವನ ಕಲ್ಲಿನಾಯುಧವೊಂದನ್ನು ಗುರುತಿಸಿದರು. ಅವರ ಕೀರ್ತಿ ಹಬ್ಬಿದ್ದು ಇದರಿಂದಲೇ ಆದರೂ, ಕನ್ನಡ ನಾಡು ಅವರಿಗೆ ಋಣಿಯಾಗಿರುವುದು ಬೇರೊಂದು ಕಾರ್ಯಕ್ಕಾಗಿ.

ಯೂರೋಪಿನ ವಿದ್ವಾಂಸರು ಶಿಲಾಸ್ತರಗಳ ಕಾಲವನ್ನು ಅವುಗಳಲ್ಲಿ ಹುದುಗಿದ ಜೀವಾವಶೇಷಗಳಿಂದ ನಿರ್ಣಯಿಸುತ್ತಿದ್ದರು. ರಷ್ಯಾದ ಪೆರ್ಮ್ ಪ್ರಾಂತದ ಹೆಸರಿನಿಂದ ಮರ್ಚಿಸನ್ನರು 1841ರಲ್ಲಿ ಪರ್ಮಿಯನ್ ಯುಗಕ್ಕೆ ನಾಮಕರಣ ಮಾಡಿದುದು ಈ ಕ್ರಮದಲ್ಲಿಯೇ. ಆದರೆ ಘಟಪ್ರಭಾ, ಮಲಪ್ರಭಾ ತೀರಗಳ ಸುಣ್ಣಕಲ್ಲಿನಲ್ಲಿ ಫೂಟರಿಗೆ ಶಂಖವಾಗಲಿ ಚಿಪ್ಪಾಗಲಿ ದೊರೆಯಲಿಲ್ಲ. ಅವಶೇಷಗಳಿಲ್ಲದ ಶಿಲೆಗೆ ಪರದೇಶದ ಯುಗನಾಮವನ್ನು ಹೊರಿಸುವುದು ಸಾಹಸವಾದೀತು. ಬೆಣಚುಶಿಲೆ, ಜೇಡುಶಿಲೆ, ಸುಣ್ಣಕಲ್ಲುಗಳು ಒಂದರ ಮೇಲೊಂದು ಕುಳಿತಿರುವ ಕ್ರಮವನ್ನಷ್ಟೇ ಅವರು ಪ್ರಮಾಣವಾಗಿ ಹಿಡಿದು, ಅವೆಲ್ಲವನ್ನೂ ಕಲಾದಗಿ ಶ್ರೇಣಿ ಎಂದು ಕರೆದರು. 1876ರಲ್ಲಿ ಪ್ರಕಟವಾದ ದಕ್ಷಿಣ ಮರಾಠಾ ಸೀಮೆಯ ಭೂರಚನೆಯ ಗ್ರಂಥದಲ್ಲಿ ಈ ವರ್ಣನೆಯಿದೆ. ಭೀಮಾತೀರದ ಸುಣ್ಣಕಲ್ಲುಗಳ ವಿವರವೂ ಅಲ್ಲಿದೆ. ನಮ್ಮ ಮನೆಗಳ ನೆಲಕ್ಕೆ ಹಾಸುವ ಶಹಾಬಾದ್ ಕಲ್ಲು ಆ ವರ್ಗದ್ದೇ. ಆಳುವ ಜನಾಂಗದಲ್ಲಿ ಹುಟ್ಟಿಯೂ ತಮ್ಮ ನಾಡಿನ ಹೆಸರನ್ನು ಇಲ್ಲಿಯ ಕಲ್ಲಿಗೆ ಅಂಟಿಸದಿದ್ದ ಈ ವಿವೇಕ ಸಾಮಾನ್ಯವಲ್ಲ. ಕಲಾದಗಿ ಸುಣ್ಣಕಲ್ಲಿನಲ್ಲಿ ಪುರಾತನ ಪಾಚಿಗಳು ಕಟ್ಟಿದ ಪದರಗಳು ಮುಂದೆ ದೊರೆತವು. ಅವು ಪರ್ಮಿಯನ್ನಿಗಿಂತ ಎಷ್ಟೋ ಹಿಂದಿನವು.

ಧಾರವಾಡದ ಹೆಸರಿನ ಕಥೆ ಇನ್ನೂ ಗಹನವಾದುದು. ಕೋಲಾರ ಮೊದಲಾದೆಡೆ ಚಿನ್ನವನ್ನು ಒಳಗೊಂಡ ಶಿಲೆಗಳು ನೈಸ್ ಶಿಲೆಯಿಂದ ಭಿನ್ನವಾದ ಪ್ರತ್ಯೇಕ ಸಮೂಹವೆಂದು ಫೂಟರು ಕಂಡುಕೊಂಡು, 1880ರ ದಶಕದಲ್ಲಿ ಅದನ್ನು ಧಾರವಾಡ ಸಮೂಹವೆಂದು ಹೆಸರಿಸಿದರು. ನೈಸ್ ಹಳೆಯದು, ಧಾರವಾಡ ಅದರ ಮೇಲೆ ಕುಳಿತದ್ದು ಎಂಬುದು ಅವರ ನಿರ್ಣಯ. ಮಾರೇನಹಳ್ಳಿಯ ನೆಲದಡಿಯಲ್ಲಿರುವುದೂ ಈ ನೈಸ್ ಶಿಲೆಯೇ.

1891ರಲ್ಲಿ ನಿವೃತ್ತರಾದ ಮೇಲೆಯೂ ಅವರು ವಿಶ್ರಮಿಸಲಿಲ್ಲ. ಬರೋಡಾ ಸಂಸ್ಥಾನದ ಸೇವೆಯ ಜೊತೆಗೆ, 1894ರಲ್ಲಿ ಮೈಸೂರು ಸಂಸ್ಥಾನದ ಭೂವಿಜ್ಞಾನ ಇಲಾಖೆ ಪ್ರಾರಂಭವಾದಾಗ ಅದನ್ನು ಮುನ್ನಡೆಸುವ ಹೊಣೆಯನ್ನೂ ಹೊತ್ತರು. 1912ರ ಡಿಸೆಂಬರ್ 29ರಂದು ಕಲ್ಕತ್ತೆಯಲ್ಲಿ ಕಾಲವಾದರು.

ಕೆಲವೇ ವರ್ಷಗಳಲ್ಲಿ, ಅದೇ ಮೈಸೂರು ಇಲಾಖೆಯ ಸ್ಮೀತ್ ಅವರು ಫೂಟರ ಮತವನ್ನು ತಲೆಕೆಳಗು ಮಾಡಿದರು: ಧಾರವಾಡ ಶಿಲೆಗಳೇ ಹಿರಿಯವು, ನೈಸ್ ಅವುಗಳೊಳಗೆ ನುಗ್ಗಿದ್ದು ಎಂದರು. ಈ ಅಭಿಪ್ರಾಯವು ಬಹುಕಾಲ ಮಾನ್ಯವಾಗಿತ್ತು. 1970ರ ದಶಕದಿಂದೀಚೆಗೆ ವಿದ್ವಾಂಸರು ನೈಸಿಗಿಂತಲೂ ಹಳೆಯವಾದ ಸರಗೂರು ಶಿಲೆಗಳನ್ನು ಬೇರ್ಪಡಿಸಿದರು. ಬಾಬಾಬುಡನ್ ಗಿರಿಶ್ರೇಣಿಯಲ್ಲಿ ಧಾರವಾಡ ಶಿಲೆಗಳ ಬುಡದಲ್ಲಿರುವ ಉರುಟುಗಲ್ಲಿನ ಪದರವು ನೈಸಿನ ಮೇಲೆಯೇ ಹರಡಿಕೊಂಡಿದೆ.